ಕಸ್ತೂರಿಗೆ ಬಂದ ಮೇಲ್

ಬಾದಾಮಿಯಲ್ಲಿ ತನ್ನ ಮನೆಯ ಮೇಲಂತಸ್ತಿನ ಕೋಣೆಗಳನ್ನು ಕಸ್ತೂರಿ ಪ್ರವಾಸಿಗರಿಗೆ ಬಾಡಿಗೆ ಕೊಡುತ್ತಿದ್ದಳು. ಬಂಡೆ ಹತ್ತಲು ಬರುವ ಪರದೇಶದವರು ಒಂದು ಪಾವತಿ ಕಂಪನಿಯ ಮೂಲಕ ಮುಂಗಡ ಕಳಿಸುತ್ತಿದ್ದರು. ಅಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅದೇ ಕಂಪನಿಯ ಗುರುತು ಹೊತ್ತ ಮೇಲ್ ಬಂತು. ‘ಮಾನ್ಯ ಗ್ರಾಹಕರೇ, ನಿಮ್ಮ ಖಾತೆ ಸ್ಥಗಿತಗೊಂಡಿದೆ. ಇಂದೇ ದೃಢೀಕರಿಸದಿದ್ದರೆ ಹಣ ತಡೆಹಿಡಿಯಲಾಗುವುದು.’

ಮೇಲೆ ಅತಿಥಿಗಳು ನಾಷ್ಟಾಕ್ಕೆ ಕಾಯುತ್ತಿದ್ದರು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಲಿಂಕ್ ಒತ್ತಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಒಟಿಪಿ ಬಂತು, ಅದನ್ನೂ ಹಾಕಿದಳು. ಮಧ್ಯಾಹ್ನ ಖಾತೆ ತೆರೆದರೆ ಅದರಲ್ಲಿ ಏನೂ ಉಳಿದಿರಲಿಲ್ಲ. ಇನ್ನೊಂದು ಕೋಣೆ ಕಟ್ಟಿಸಲೆಂದು ಸೀಸನ್ನಿನುದ್ದಕ್ಕೂ ಕೂಡಿಸಿದ್ದು ಹೋಗಿತ್ತು.

“ಕಲತಾಕಿ ಅಂತ ಎಲ್ಲಾ ನಿನ್ನ ಕೈಯಾಗ ಕೊಟ್ಟೆ. ಕಣ್ಣು ಎಲ್ಲಿದ್ವು?” ಎಂದ ಗಂಡ ಯಮನಪ್ಪ.

“ಹಂಚಿನ ಮ್ಯಾಲ ಇದ್ವು! ನೀವು ರೊಟ್ಟಿ ಬಡೀತಿದ್ರ ನಾನೂ ಕುಂತು ಓದ್ತಿದ್ದೆ.”

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು, ಬ್ಯಾಂಕಿಗೆ ತಿಳಿಸಿದರು, ಮರುದಿನ ಬಾಗಲಕೋಟೆಯ ಬಸ್ಸು ಹತ್ತಿದರು. ಅಲ್ಲಿ ಸೈಬರ್ ಠಾಣೆಯ ಪೇದೆ ಮಾದೇವಿ ಆ ಮೇಲನ್ನು ದೊಡ್ಡದು ಮಾಡಿ ತೋರಿಸಿದಳು.

“ಕಳಿಸಿದವರ ವಿಳಾಸ ನೋಡ್ರಿ ಅಕ್ಕಾರ, ಕಂಪನಿ ಹೆಸರಿಗೆ ಏನೇನೋ ಬಾಲ ಹಚ್ಯಾರ. ನಿಮ್ಮ ಹೆಸರೂ ಇಲ್ಲ, ಬರೇ ಗ್ರಾಹಕರು ಅಂತ ಐತಿ. ಮ್ಯಾಲ ಹೆದರಿಸಿ ಗಡಿಬಿಡಿ ಮಾಡ್ಯಾರ. ಅಂಥಾದ್ದು ಬಂದ್ರ ಲಿಂಕ್ ಮುಟ್ಟಬ್ಯಾಡ್ರಿ, ನಿಮ್ಮ ಆ್ಯಪ್ ನೀವ ತೆಗೆದು ನೋಡ್ರಿ. ಒಟಿಪಿ ಅಂತೂ ಯಾರಿಗೂ ಕೊಡಬ್ಯಾಡ್ರಿ.”

“ಇಷ್ಟ ಸಣ್ಣದು ನನ್ನ ಕಣ್ಣಿಗೆ ಬೀಳಲಿಲ್ಲೇನು?” ಕಸ್ತೂರಿಗೆ ತನ್ನ ಮೇಲೆಯೇ ಸಿಟ್ಟು ಉಕ್ಕಿತು. “ರೊಕ್ಕ ಬರ್ತೈತೇನ್ರಿ?”

“ಬ್ಯಾಂಕಿನವರು ಒಂದಿಷ್ಟು ತಡದಾರ. ಪೂರಾ ಬರ್ತೈತಿ ಅಂತ ಸುಳ್ಳು ಹೇಳಂಗಿಲ್ಲ.”

ಹೊರಗಿನ ಬೆಂಚಿನ ಮೇಲೆ ಅವರದೇ ಓಣಿಯ ಲಾಡ್ಜಿನ ಮಾಲೀಕ ವಿಜಯಮಹಾಂತೇಶ ಕೂತಿದ್ದ. ಇವರನ್ನು ಕಂಡದ್ದೇ ಮುಖ ತಿರುಗಿಸಿದ.

“ನಿಮಗೂ ಬಂದಿತ್ತೇನ್ರಿ, ಈ ಮೇಲ್?” ಕಸ್ತೂರಿ ನೇರವಾಗಿ ಕೇಳಿದಳು.

“ಹೋದ ತಿಂಗಳ,” ಎಂದ ಮೆಲ್ಲಗೆ.

“ಹೋದ ತಿಂಗಳ! ದಿನಾ ನಮ್ಮ ಬಾಗಿಲ ಮುಂದ ಹಾದು ಹೋಗ್ತೀರಿ. ಒಂದು ಮಾತು ಹೇಳಬಾರದಿತ್ತೇನು?”

“ಹೆಂಗ ಹೇಳ್ಲಿ ತಂಗಿ? ಇಷ್ಟು ವರ್ಷ ಧಂದೆ ಮಾಡಿದಾಂವ ಮೋಸ ಹೋದ ಅಂತ ಮಂದಿ ನಗ್ತಾರ.”

ಕಸ್ತೂರಿ ಬಸ್ ನಿಲ್ದಾಣದ ಕಡೆ ಹೊರಟುಬಿಟ್ಟಳು. ಬಸ್ಸು ಕೆರೂರು ದಾಟುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಯಮನಪ್ಪ ಕಿವಿಯ ಬಳಿ ಬಾಗಿದ. “ಇದನ್ನ ಯಾರ ಮುಂದೂ ಆಡಬ್ಯಾಡ. ಮರ್ಯಾದಿ ಹೋಗ್ತೈತಿ.”

ಅವಳು ಗಂಡನ ಮುಖವನ್ನೇ ನೋಡಿದಳು. ವಿಜಯಮಹಾಂತೇಶನದೇ ಮಾತು, ಈಗ ಇವನ ಬಾಯಿಂದ.

ಬಾದಾಮಿಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಪ್ರವಾಸಿಗರಿಗೆ ಸೈಕಲ್ ಬಾಡಿಗೆಗೆ ಕೊಡುವ ಅಫ್ಸಾನಾಳ ಅಂಗಡಿಗೆ ನುಗ್ಗಿದಳು. ಅವಳಿಗೂ ಅದೇ ಕಂಪನಿಯ ಮೂಲಕವೇ ಹಣ ಬರುತ್ತಿತ್ತು.

“ಅಫ್ಸಾನಾ, ನಾ ಮೋಸ ಹೋಗೇನಿ. ನಗಬೇಕಂದ್ರ ನಗು, ಆದ್ರ ಪೂರಾ ಕೇಳು,” ಎಂದು ಎಲ್ಲವನ್ನೂ ಹೇಳಿದಳು.

ಅಫ್ಸಾನಾ ನಗಲಿಲ್ಲ. ಬಣ್ಣಗೆಟ್ಟ ಮುಖದಲ್ಲಿ ಫೋನು ತೆಗೆದು ಮುಂದೆ ಹಿಡಿದಳು. “ಇದೇನವಾ? ಗಿರಾಕಿ ಹೋದ ಮ್ಯಾಲ ತುಂಬಬೇಕು ಅಂತ ಇಟ್ಟಿದ್ದೆ.”

ಮಾನ್ಯ ಗ್ರಾಹಕರೇ. ಅದೇ ಬಾಲದ ವಿಳಾಸ.

“ಲಿಂಕ್ ಮುಟ್ಟಬ್ಯಾಡ. ನಿನ್ನ ಆ್ಯಪ್ ತೆಗಿ.” ಇಬ್ಬರೂ ಬಾಗಿ ನೋಡಿದರು. ಖಾತೆ ಸರಿಯಾಗಿಯೇ ಇತ್ತು, ಹಣವೂ ಇತ್ತು. ಅಫ್ಸಾನಾ ಕಸ್ತೂರಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವಳ ಹಿಂದೆಯೇ ಬಂದು ಹೊರಗೆ ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತ ನಿಂತಿದ್ದ ಯಮನಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎದುರಿನ ಚಹಾದಂಗಡಿಯವನ ಕಡೆ ತಿರುಗಿ ದನಿ ಏರಿಸಿದ.

“ಲೇ ಶಾಬುದ್ದೀನ, ನಿನ್ನ ಫೋನ ತಗೊಂಡು ಇಲ್ಲಿ ಬಾ. ನಮ್ಮಾಕಿ ಹೇಳೂದು ಒಂದಿಷ್ಟು ಕೇಳು.”