ಮರದ ಆಚೆ ಮಗ್ಗುಲು

ನನ್ನ ಅತ್ತಿಗೆಗೆ ಮಾತು ಬರುತ್ತದೆ ಎಂದು ಗೊತ್ತಾಗಬೇಕಾದರೆ ಅವಳನ್ನು ಸೇಬಿನ ಮರದ ಹಿಂದೆ ನಿಲ್ಲಿಸಬೇಕು. ಮನೆಯಲ್ಲಿ ಅವಳದು "ಹೂಂ", "ಉಹೂಂ", "ನೀರು ಕಾದಿದೆ", ಇಷ್ಟೇ. ಅವಳ ಪಾಲಿನ ಮಾತನ್ನೂ ನಾನೇ ಆಡಿ ಮುಗಿಸುತ್ತೇನೆ. ಅಣ್ಣ ಬದುಕಿದ್ದಾಗಲೂ ಹೀಗೇ ಇತ್ತು. ಅವನು ಕಾಯಿಲೆಯಲ್ಲಿ ತೀರಿಹೋದ ಮೇಲಂತೂ ಕೇಳುವುದೇ ಬೇಡ. ಅತ್ತಿಗೆ ತವರಿಗೆ ಹೋಗಬಹುದಿತ್ತು, ಹೋಗಲಿಲ್ಲ. ನನ್ನ ಬಾಯಿಗೆ ಹೆದರಿ ಯಾವ ಗಂಡೂ ನನ್ನ ಹತ್ತಿರ ಸುಳಿದಿರಲಿಲ್ಲ. ಹಾಗಾಗಿ ಅತ್ತಿಗೆ ನಾದಿನಿ ಇಬ್ಬರೇ ಒಂದು ಕೋಣೆ, ಒಂದು ಒಲೆ ಎಂದು ಉಳಿದುಕೊಂಡೆವು. ವರ್ಷದ ಹೆಚ್ಚಿನ ಕಾಲ ಆಸ್ಪತ್ರೆಯ ಬಟ್ಟೆ ಒಗೆಯುವಲ್ಲಿ ದುಡಿಯುತ್ತೇವೆ. ಹಣ್ಣಿನ ಕಾಲ ಬಂತೆಂದರೆ ಗಂಟುಮೂಟೆ ಕಟ್ಟಿಕೊಂಡು ತೋಟಕ್ಕೆ ಬರುತ್ತೇವೆ.

ತೋಟದಲ್ಲಿ ಒಂದು ಮರಕ್ಕೆ ಇಬ್ಬರು. ಹಳೆಯ ಕಾಲದ ಮರಗಳು, ಎತ್ತರಕ್ಕೂ ಅಗಲಕ್ಕೂ ಮನಸ್ಸಿಗೆ ಬಂದಂತೆ ಬೆಳೆದಿವೆ. ಒಬ್ಬರು ಬಿಸಿಲಿನ ಮಗ್ಗುಲಿಗೆ ಏಣಿ ಹಾಕಿದರೆ ಇನ್ನೊಬ್ಬರು ನೆರಳಿನ ಮಗ್ಗುಲಿಗೆ. ಹಣ್ಣನ್ನು ಅಂಗೈಯಲ್ಲಿ ಹಿಡಿದು, ಮೇಲಕ್ಕೆ ಎತ್ತಿ, ಸ್ವಲ್ಪ ತಿರುವಿದರೆ ತೊಟ್ಟಿನ ಸಮೇತ ಬರುತ್ತದೆ. ಜಗ್ಗಿ ಎಳೆದರೆ ಪಕ್ಕದಲ್ಲಿರುವ ಮುಂದಿನ ವರ್ಷದ ಮೊಗ್ಗೂ ಕಿತ್ತುಬರುತ್ತದೆ, ಮೇಸ್ತ್ರಿಯ ಬಾಯಿಯೂ ತೆರೆದುಕೊಳ್ಳುತ್ತದೆ. ಜೋಡಿಯ ನಡುವೆ ಬರೀ ಕೊಂಬೆ, ಎಲೆ. ದಿನವಿಡೀ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ.

ಅತ್ತಿಗೆಯ ಜೋಡಿ ಏಣಿಯಣ್ಣ. ಆಳು ಏಣಿಯಷ್ಟೇ ಉದ್ದ, ಅದಕ್ಕೇ ಆ ಹೆಸರು. ಹಣ್ಣಿನ ಕಾಲ ಮುಗಿದರೆ ಊರೂರು ತಿರುಗಿ ಮನೆಗಳಿಗೆ ಬಣ್ಣ ಹೊಡೆಯುತ್ತಾನೆ. ನೆಲದ ಮೇಲೆ ನಿಂತು ಮಾಡುವ ಕೆಲಸ ಯಾವುದೂ ಅವನಿಗೆ ಬರುವುದಿಲ್ಲ. ತಮ್ಮಂದಿರನ್ನೆಲ್ಲ ಒಂದು ದಡ ಸೇರಿಸುವಷ್ಟರಲ್ಲಿ ತಲೆ ನರೆಯಿತು, ಮದುವೆ ಹಾಗೇ ಉಳಿಯಿತು. ತೋಟದ ಹೆಂಗಸರೆಲ್ಲ ಅವನನ್ನು ಏಣಿಯಣ್ಣ ಎನ್ನುತ್ತೇವೆ. ಅತ್ತಿಗೆಯೊಬ್ಬಳೇ ಎಷ್ಟು ಸೀಸನ್ನು ಕಳೆದರೂ ಅವನಿಗೆ ಅಣ್ಣ ಎಂದವಳಲ್ಲ. "ಏನೂಂದ್ರೆ", "ಕೇಳಿಸ್ತಾ" ಎಂದು ಹೇಗೋ ನಿಭಾಯಿಸುತ್ತಾಳೆ. ನನಗೆ ವಾಸನೆ ಬಡಿದದ್ದೇ ಅಲ್ಲಿ.

ಮೇಸ್ತ್ರಿ ನನ್ನನ್ನು ಯಾವಾಗಲೂ ಅವರ ಪಕ್ಕದ ಮರಕ್ಕೆ ಹಾಕುತ್ತಾನೆ. ನನ್ನ ಜೋಡಿ ಕಿವಿ ಮಂದವಾದ ಒಬ್ಬ ಅಜ್ಜಿ. ನನ್ನ ಬಾಯಿಗೆ ತಕ್ಕ ಜೋಡಿ ಎಂದು ಅವನೇ ಹುಡುಕಿಕೊಟ್ಟದ್ದು, ಅವನ ಮುಖಕ್ಕಿಷ್ಟು! ಹಾಗಾಗಿ ನಾನು ಪಕ್ಕದ ಮರದ ಮಾತು ಕೇಳಿಕೊಂಡು ಹೊತ್ತು ಕಳೆಯುತ್ತೇನೆ. ಇದನ್ನು ಕದ್ದು ಕೇಳುವುದು ಎನ್ನಲಾಗದು. ಎಲೆಗೆ ಬಾಗಿಲಿದೆಯೇ?

"ಒಂದ್ಮನೇಲಿ ಗಂಡ ನೀಲಿ ಅಂದ, ಹೆಂಡ್ತಿ ಹಸಿರು ಅಂದ್ಳು," ಎಂದು ಅವನು ಶುರು ಮಾಡುತ್ತಾನೆ. "ಇಬ್ರೂ ಪಟ್ಟು ಬಿಡ್ಲಿಲ್ಲ. ಒಂದ್ಗೋಡೆಗೆ ಅದು, ಎದುರು ಗೋಡೆಗೆ ಇದು ಹೊಡ್ದೆ."

"ಆಮೇಲೆ?"

"ಆಮೇಲೇನು, ಬೆನ್ನಿಗೆ ಬೆನ್ನು ಕೊಟ್ಟು ತಂತಮ್ಮ ಗೋಡೆ ನೋಡ್ಕೊಂಡು ಕೂತ್ರು."

ಅತ್ತಿಗೆ ನಗುತ್ತಾಳೆ. ನಮ್ಮ ಕೋಣೆಯಲ್ಲಿ ನಾನು ಆ ನಗುವನ್ನು ಕೇಳಿದ್ದೇ ಇಲ್ಲ. ಆಮೇಲೆ ಅವಳೂ ಮಾತಾಡುತ್ತಾಳೆ. ಆಸ್ಪತ್ರೆಯ ಹೊದಿಕೆಗಳು, ಚಿಕ್ಕಂದಿನಲ್ಲಿ ಬಿದ್ದ ಬಾವಿ, ಸುಟ್ಟುಹೋದ ಪಲ್ಯ, ಎಲ್ಲ ಹೇಳುತ್ತಾಳೆ. ಏಣಿಯಣ್ಣ ಯಾವಾಗಲೂ ಹಿಡಿಯುವ ಬಿಸಿಲಿನ ಮಗ್ಗುಲಿನ ಹಣ್ಣು ಮೊದಲು ಕೆಂಪಾಗುವುದರಿಂದ ಅಲ್ಲಿಯ ಕೆಲಸ ಬೇಗ ಮುಗಿಯುತ್ತದೆ. ಮುಗಿಸಿದವರು ಏಣಿ ಹೊತ್ತು ಮುಂದಿನ ಮರಕ್ಕೆ ನಡೆಯಬೇಕು. ಏಣಿಯಣ್ಣ ಒಂದು ದಿನವೂ ಅತ್ತಿಗೆಗಿಂತ ಮೊದಲು ಹೋದವನಲ್ಲ. ಕೊನೆಯ ನಾಲ್ಕು ಹಣ್ಣು ಕೀಳಲು ನಾಲ್ಕು ಮರದಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ. ಮೇಸ್ತ್ರಿ ಕೂಗಿದರೆ ಕಾಲು ಹಿಡಿದಿದೆ ಎನ್ನುತ್ತಾನೆ.

ಇಷ್ಟೆಲ್ಲ ಇರುವುದು ಮರದ ಮರೆಯಲ್ಲಿ ಮಾತ್ರ. ನಲ್ಲಿಯ ಹತ್ತಿರ ಎದುರಾದರೆ ಅವನು ತನ್ನ ಚಪ್ಪಲಿ ನೋಡುತ್ತಾನೆ, ಅತ್ತಿಗೆ ತುಂಬಿದ ಬಕೆಟ್ಟಿಗೆ ಮತ್ತೆ ನೀರು ತುಂಬುತ್ತಾಳೆ.

ಈ ಸಲ ತೋಟಕ್ಕೆ ಬಂದ ವಾರದಲ್ಲೇ ಮೇಸ್ತ್ರಿ ಎಲ್ಲರನ್ನೂ ಕೂರಿಸಿ ಸುದ್ದಿ ಹೇಳಿದ. ಕೊಯ್ಲು ಮುಗಿದ ಕೂಡಲೇ ಹಳೆಯ ಮರಗಳನ್ನೆಲ್ಲ ಬುಡಸಮೇತ ಕೀಳಿಸುತ್ತಾರಂತೆ. ತಂತಿಗೆ ಕಟ್ಟಿ ಬೆಳೆಸುವ ಕುಳ್ಳ ಗಿಡಗಳನ್ನು ಹಾಕುತ್ತಾರಂತೆ. ಅವು ಫಲಕ್ಕೆ ಬರಲು ವರ್ಷಗಳೇ ಬೇಕು, ಬಂದರೂ ನೆಲದ ಮೇಲೆ ನಿಂತು ಕಿತ್ತರಾಯಿತು, ಇಷ್ಟು ಜನ ಬೇಡ. ಬೇರೆ ತೋಟ ನೋಡಿಕೊಳ್ಳಿ ಎಂದ. ಎಲ್ಲರೂ ಗುಸುಗುಸು ಶುರು ಮಾಡಿದರು. ಏಣಿಯಣ್ಣ ತಲೆ ಎತ್ತಿ ಮೊದಲ ಸಲ ನೇರವಾಗಿ ಅತ್ತಿಗೆಯ ಕಡೆ ನೋಡಿದ. ಅತ್ತಿಗೆ ಸೆರಗಿನ ಅಂಚು ಬಿಡಿಸುತ್ತ ಕೂತಿದ್ದಳು.

ಇವರಿಬ್ಬರನ್ನು ನಂಬಿಕೊಂಡರೆ ಆಗುವ ಕೆಲಸವಲ್ಲ ಎಂದು ನನಗೆ ಗೊತ್ತಾಯಿತು. ಒಬ್ಬರ ಊರು ಇನ್ನೊಬ್ಬರಿಗೆ ದೂರ. ಈ ಸೀಸನ್ನು ಕಳೆದರೆ ಇವನು ಯಾರದೋ ಗೋಡೆಯ ಮೇಲೆ, ಇವಳು ಆಸ್ಪತ್ರೆಯ ಹೊದಿಕೆಗಳ ನಡುವೆ. ನಾನು ರಜೆಯ ದಿನ ಏಣಿಯಣ್ಣನನ್ನು ನಮ್ಮ ಕೋಣೆಗೆ ಚಹಾಕ್ಕೆ ಕರೆದೆ.

ಅಯ್ಯೋ, ಆ ಚಹಾ! ತೋಟದ ಕೋಣೆಯೆಂದರೆ ಎರಡು ಮಂಚ, ಒಂದು ಸ್ಟೂಲು. ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ, ಅವನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಅತ್ತಿಗೆಯನ್ನು ಎದುರಿಗೆ ಕೂರಿಸಿದೆ. ಸಕ್ಕರೆ ತರುತ್ತೇನೆಂದು ಸುಳ್ಳು ಹೇಳಿ ಹೊರಗೆ ಹೋದೆ. ಬೇಕೆಂದೇ ತಡ ಮಾಡಿ ಬಂದು ನೋಡಿದರೆ ಇಬ್ಬರೂ ಗರ ಬಡಿದವರಂತೆ ಕೂತಿದ್ದಾರೆ! ಲೋಟ ಬರಿದಾಗಿದೆ, ಆದರೂ ಏಣಿಯಣ್ಣ ಅದನ್ನು ಬಾಯಿಗೆ ಹಿಡಿದೇ ಇದ್ದಾನೆ.

"ಏನ್ ಮಾತಾಡ್ತಿದ್ರಿ?" ಎಂದೆ.

ಅವನು ಗೋಡೆಯನ್ನು ದಿಟ್ಟಿಸಿ, "ಇದಕ್ಕೆ ಎರಡ್ನೇ ಕೋಟ್ ಹೊಡ್ದಿಲ್ಲ," ಎಂದ. ಎದ್ದ, ಚೌಕಟ್ಟಿಗೆ ತಲೆ ಬಡಿಸಿಕೊಂಡ, ಕಾಲಿಗೆ ಬುದ್ಧಿ ಹೇಳಿದ.

ನನಗೆ ಮೈಯೆಲ್ಲ ಉರಿಯಿತು. "ಅತ್ತಿಗೆ, ನಿನ್ನ ಬಾಯಲ್ಲೇನು ಅವಲಕ್ಕಿ ತುಂಬ್ಕೊಂಡಿದ್ಯಾ? ಮರದ ಹಿಂದೆ ಇದ್ರೆ ಪಟಪಟ ಅಂತೀಯಲ್ಲ!"

ಅವಳು ಲೋಟ ತೊಳೆಯುತ್ತ, "ಮುಖ ಕಂಡ್ರೆ ಎಲ್ಲ ಮರ್ತೋಗತ್ತೆ," ಎಂದಳು. ಆಮೇಲೆ, ತಿರುಗದೆಯೇ, "ನಿಂಗ್ಯಾಕೆ ಇಷ್ಟು ಅವಸರ? ನನ್ನನ್ನ ಕಳಿಸಿ ನೀನೊಬ್ಳೇ ಏನ್ಮಾಡ್ತೀಯ?" ಎಂದು ಕೇಳಿದಳು.

"ಹಾಯಾಗಿ ಕಾಲು ಚಾಚ್ಕೊಂಡು ಮಲಗ್ತೀನಿ. ನಿನ್ನ ಮೂಗಿ ಮುಖ ನೋಡೋದು ತಪ್ಪತ್ತೆ."

ಹೇಳುವುದೇನೋ ಹೇಳಿಬಿಟ್ಟೆ. ಮಾರನೆಯ ಬೆಳಿಗ್ಗೆ ನಾವು ಒಗೆದು ಹರವಿದ್ದ ಹೊದಿಕೆ ಒಣಗಿತ್ತು, ಅತ್ತಿಗೆ ನಲ್ಲಿಯ ಹತ್ತಿರ ಹೋಗಿದ್ದಳು. ನಾನೇ ಮಡಚಲು ನಿಂತೆ. ದೊಡ್ಡ ಹೊದಿಕೆಯನ್ನು ನಾವು ಯಾವಾಗಲೂ ಆ ತುದಿ ಅವಳು, ಈ ತುದಿ ನಾನು ಹಿಡಿದು ಮಡಚುವುದು. ಒಬ್ಬಳೇ ಆದಾಗ ಒಂದು ತುದಿಯನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡೆ, ಇನ್ನೊಂದು ತುದಿ ನೆಲಕ್ಕೆ ಬಿತ್ತು. ಆಗ ನನಗೆ ಭಯವಾಯಿತು. ಅವಳಿಲ್ಲದ ಕೋಣೆಯಲ್ಲಿ ನಾನು ಯಾರನ್ನು ಬೈಯಲಿ, ಯಾರಿಗೆ "ಹೂಂ" ಎನ್ನಿಸಲಿ? ಹೊದಿಕೆಯನ್ನು ಮುದ್ದೆ ಮಾಡಿ ಮಂಚದ ಮೇಲೆ ಎಸೆದೆ. ಆದರೂ ಅವಳು ಹೋಗಲಿ ಎಂದೇ ನನಗೆ ಇತ್ತು. ಆ ನಗು ಸೇಬಿನ ಮರದ ಹಿಂದೆ ಮಾತ್ರ ಇದ್ದು ಮರದೊಂದಿಗೇ ಹೋಗುವುದು ನನಗೆ ಸಹಿಸಲಾಗುವಂತಿರಲಿಲ್ಲ.

ಸಾಲು ಸಾಲು ಮುಗಿಯುತ್ತ ಬಂತು. ಇಬ್ಬರ ಮಾತೂ ಕಡಿಮೆಯಾಯಿತು. ಏಣಿಯಣ್ಣ "ಒಂದ್ಮನೇಲಿ" ಎಂದು ಶುರು ಮಾಡಿ ಅರ್ಧಕ್ಕೆ ನಿಲ್ಲಿಸುತ್ತಿದ್ದ, ಅತ್ತಿಗೆ "ಆಮೇಲೆ" ಎಂದು ಕೇಳುತ್ತಿರಲಿಲ್ಲ. ನನಗೋ, ಇಬ್ಬರ ತಲೆಯನ್ನೂ ಹಿಡಿದು ಢೀ ಕೊಡಿಸಬೇಕೆನಿಸುತ್ತಿತ್ತು.

ಕೊನೆಯ ದಿನ ಕೊನೆಯ ಸಾಲಿನ ತುದಿಯಲ್ಲಿ ಎರಡು ಮರ ಉಳಿದವು. ಒಂದು ಅವರದು, ಇನ್ನೊಂದು ನಮ್ಮದು. ಆಚೆ ಸಾಲುಗಳಲ್ಲಿ ಆಗಲೇ ಕ್ರೇಟುಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದರು. ಏಣಿಯಣ್ಣನ ಕಡೆ ಹಣ್ಣು ಪೂರ್ತಿ ಮುಗಿದಿತ್ತು. ಅವನು ಬರಿಯ ಕೊಂಬೆಯನ್ನು ಹಿಡಿದುಕೊಂಡು ಏಣಿಯ ಮೇಲೆ ನಿಂತಿದ್ದುದು ನನಗೆ ಕಾಣುತ್ತಿತ್ತು.

"ಒಂದು ಮಾತು ಕೇಳ್ಲಾ?" ಎಂದ.

"ಕೇಳಿ," ಎಂದಳು ಅತ್ತಿಗೆ ಆಚೆ ಮಗ್ಗುಲಿನಿಂದ.

"ಇನ್ಮೇಲೆ ಈ ಮರ ಇರಲ್ಲ."

"ಗೊತ್ತು."

"ಮರ ಇಲ್ದಿದ್ರೂ ನೀವು ನನ್ನ ಜೊತೆ ಇರ್ತೀರಾ? ಮದುವೆ ಆಗಿ. ಮನೇಲಿ."

ಅತ್ತಿಗೆಯ ಚೀಲಕ್ಕೆ ಹಣ್ಣು ಇಳಿಯುವ ಸದ್ದು ನಿಂತಿತು.

"ಆಗಲ್ಲ," ಎಂದಳು.

ನಾನು ಏಣಿಯಿಂದ ಬೀಳುವುದೊಂದು ಬಾಕಿ. ಏಣಿಯಣ್ಣ ಹಿಡಿದಿದ್ದ ಕೊಂಬೆಯನ್ನು ಬಿಟ್ಟ. ಆಮೇಲೆ ಮೆಲ್ಲಗೆ, "ಸರಿ. ಕೇಳಬಾರದಿತ್ತೇನೋ. ಮನಸ್ಸಿಗೆ ಹಚ್ಕೋಬೇಡಿ," ಎಂದ.

"ನೀವು ಬೇಡ ಅಂತಲ್ಲ," ಎಂದಳು ಅತ್ತಿಗೆ. "ನೀವು ಬೇಕು. ಎಷ್ಟು ಬೇಕು ಅಂತ ಹೇಳಕ್ಕೆ ನಂಗೆ ನಾಚಿಕೆ. ಆದ್ರೆ ನನ್ನ ನಾದಿನಿ ಇದಾಳಲ್ಲ. ಅವಳ ಬಾಯಿ ನೋಡಿ ಎಲ್ರೂ ಗಟ್ಟಿಗಿತ್ತಿ ಅನ್ಕೋತಾರೆ. ಅವಳು ಹೆದರುಪುಕ್ಕಲಿ. ಅವಳಣ್ಣ ಹೋದ ದಿನ ನನ್ನ ಕೈ ಹಿಡ್ಕೊಂಡವಳು ಇನ್ನೂ ಬಿಟ್ಟಿಲ್ಲ. ನಾನಾಗಿ ಬಿಡಿಸ್ಕೊಂಡು ಬರಲ್ಲ."

ಇಷ್ಟು ವರ್ಷ ಅವಳನ್ನು ನೋಡಿಕೊಳ್ಳುತ್ತಿರುವವಳು ನಾನು ಎಂದುಕೊಂಡಿದ್ದೆ. ತವರಿಗೆ ಅವಳು ಯಾಕೆ ಹೋಗಲಿಲ್ಲ ಎಂಬುದು ನನಗೆ ಆ ಏಣಿಯ ಮೇಲೆ ತಿಳಿಯಿತು.

"ಬಿಟ್ಟು ಬನ್ನಿ ಅಂತ ನಾನೆಲ್ಲಂದೆ?" ಏಣಿಯಣ್ಣ ಎಂದೂ ಇಲ್ಲದಂತೆ ದನಿ ಏರಿಸಿದ. "ಇಷ್ಟು ಸೀಸನ್ನು ಅವಳ ಬೈಗುಳ ಕೇಳ್ಕೊಂಡೇ ಹಣ್ಣು ಕಿತ್ತಿದೀನಿ. ಬಾಯ್ತುಂಬ ಅಣ್ಣಾ ಅನ್ನೋಳನ್ನ ಬಿಟ್ಟು ಬನ್ನಿ ಅನ್ನಕ್ಕೆ ನಂಗೇನು ತಲೆ ಕೆಟ್ಟಿದ್ಯಾ?"

ಇನ್ನು ಸುಮ್ಮನಿದ್ದರೆ ಅತ್ತುಬಿಡುತ್ತೇನೆ ಎನ್ನಿಸಿ ನಾನು ಸಿಟ್ಟು ಮಾಡಿಕೊಂಡೆ. ಅದು ನನಗೆ ಸುಲಭ. ದಡದಡ ಇಳಿದು ಅವರ ಮರದ ಬುಡಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

"ನಾನು ಯಾರ ಮದುವೆಗೂ ಬಾಲ ಆಗಿ ಬರಲ್ಲ! ನಂಗೇನು ಕೈಕಾಲಿಲ್ವಾ? ಅತ್ತಿಗೆ, ನನ್ನ ಹೆಸರು ಹೇಳ್ಕೊಂಡು ನೀನು ತಪ್ಪಿಸ್ಕೋಬೇಡ. ಬಾ ಈಚೆ. ಬಂದು ಅವನ ಮುಖ ನೋಡಿ ಹೇಳು!"

ಅತ್ತಿಗೆ ಇಳಿದಳು. ಮರವನ್ನು ಸುತ್ತಿ ಬಂದಳು. ಜೋಡಿಯಾಗಿ ಇಷ್ಟು ಸೀಸನ್ನು ಕಳೆದರೂ ಅವಳು ಬಿಸಿಲಿನ ಮಗ್ಗುಲಿಗೆ ಕಾಲಿಟ್ಟದ್ದು ಅದೇ ಮೊದಲು. ಕಣ್ಣು ಕೆಂಪಾಗಿತ್ತು, ತಲೆಯ ತುಂಬ ಒಣ ಎಲೆ. ಏಣಿಯಣ್ಣನೂ ಇಳಿದು ಅವಳ ಎದುರು ನಿಂತ. ನಿಂತರು. ನಿಂತೇ ಇದ್ದರು. ಅವನು ಚಪ್ಪಲಿ ನೋಡಲು ಶುರು ಮಾಡಿದ, ಅವಳು ಚೀಲದ ಪಟ್ಟಿ ಸರಿಮಾಡಿದಳು.

"ಮಾತಾಡ್ರೀ!" ಎಂದೆ.

ಅವನು ಇನ್ನೊಂದು ಚಪ್ಪಲಿ ನೋಡಿದ. ಟ್ರ್ಯಾಕ್ಟರು ಈ ಸಾಲಿನ ಕಡೆ ತಿರುಗಿ ಬರುವುದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ.

"ಏಣಿಯಣ್ಣ, ನಮ್ಮತ್ತಿಗೆಗೆ ನೀನು ಬೇಕಂತೆ. ಅವಳೇ ಅಂದಿದ್ದು, ನನ್ನ ಕಿವಿಯಾರೆ ಕೇಳ್ದೆ. ನಿಂಗೆ ಬೇಕಾ?"

ಅವನು ತಲೆಯಾಡಿಸಿದ.

"ಅತ್ತಿಗೆ, ಅವ್ನು ಹೂಂ ಅಂತಿದಾನೆ. ನೀನು?"

ಅವಳೂ ತಲೆಯಾಡಿಸಿದಳು, ಆದರೆ ಅವನ ಕಡೆಗಲ್ಲ, ನನ್ನ ಕಡೆಗೆ.

"ಚೆನ್ನಾಗಿದೆ ಕಣ್ರೀ ನಿಮ್ಮ ಸಂಸಾರ! ನಾಳೆ ಮನೇಲಿ ಉಪ್ಪು ಮುಗಿದ್ರೆ ಹೇಗೆ ಹೇಳ್ತೀಯ ಅವನಿಗೆ? ಅಲ್ಲಿ ಮಧ್ಯೆ ಯಾವ ಮರ ಇರತ್ತೆ?"

ಅತ್ತಿಗೆ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಏಣಿ ಹಿಡಿದು ಒರಟಾಗಿತ್ತು, ಬೆಚ್ಚಗಿತ್ತು. "ಅದಕ್ಕೇ ಹೇಳ್ತಿರೋದು," ಎಂದಳು. "ಮರ ಕೀಳ್ತಾರೆ. ಮಧ್ಯೆ ನೀನಿರು."

ನನಗೆ ಅಳು ಬಂತು, ಅವರಿಬ್ಬರೆದುರೇ ಅತ್ತೆ. ಏಣಿಯಣ್ಣ ಏನು ಮಾಡಬೇಕೆಂದು ತೋಚದೆ ನನ್ನ ತಲೆಯ ಮೇಲೆ ಕೈಯಿಟ್ಟ.

ಅಷ್ಟರಲ್ಲಿ ಪಕ್ಕದ ಮರದ ಎಲೆಗಳ ನಡುವಿನಿಂದ ಅಜ್ಜಿಯ ಮುಖ ಹೊರಗೆ ಬಂತು. "ಏನಂತೇ? ಯಾಕಳ್ತಿದೀಯ?" ಎಂದು ತೋಟವೆಲ್ಲ ಕೇಳುವಂತೆ ಕೂಗಿದಳು.

"ಮದುವೆಯಂತೆ ಅಜ್ಜಿ!" ಎಂದು ನಾನೂ ಕೂಗಿದೆ.

"ಯಾರ್ದೇ?"

ನಾನು ಮೂಗು ಒರೆಸಿಕೊಂಡು, "ನಮ್ದು," ಎಂದೆ.