ತೆಸ್ಫಾಯೆಯ ಭಾಷಣ

ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅಬ್ದುಲರಜಾಕ ಮಾಸ್ತರರು ಇಥಿಯೋಪಿಯಾಕ್ಕೆ ಹೊರಟಾಗ ಊರಿನ ಅರ್ಧ ಜನಕ್ಕೆ ಆ ದೇಶ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ. ಅದು ೧೯೬೧ನೇ ಇಸವಿ. ಅಲ್ಲಿನ ಶಾಲೆಗಳಿಗೆ ಹಿಂದುಸ್ತಾನದ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದರು. ಮುಂಬೈಯಲ್ಲಿ ಸಂದರ್ಶನ ಕೊಟ್ಟು ಬಂದಿದ್ದ ಮಾಸ್ತರರಿಗೆ ಕರೆ ಬಂತು. ಅವರ ಅಣ್ಣ ರಸೂಲಸಾಬ ತೊಗರಿ ವ್ಯಾಪಾರಿ. ಬಸ್ ಸ್ಟ್ಯಾಂಡಿನಲ್ಲಿ ತಮ್ಮನ ಟ್ರಂಕನ್ನು ತಾನೇ ಮೇಲೇರಿಸಿದ. ಹೆಂಡತಿ ಅಬಿದಾ ಬುರ್ಖಾದೊಳಗೆ ಅಳುತ್ತ ಕಿಟಕಿಯ ಬಳಿ ಕೂತಿದ್ದಳು.

ಅವರಿಗೆ ಸಿಕ್ಕ ಊರು ಗುಡ್ಡಗಳ ನಡುವೆ ಇತ್ತು. ಸುತ್ತ ನೀಲಗಿರಿ ಮರಗಳು, ಬೆಳಗಾದರೆ ಮೈ ಕೊರೆಯುವ ಚಳಿ. ಸಂತೆಯಲ್ಲಿ ಜೋಳ ಕಂಡ ದಿನ ಅಬಿದಾ ಮೊದಲ ಸಲ ನಕ್ಕಳು. ಅಂದು ಹೊಟ್ಟೆ ತುಂಬ ರೊಟ್ಟಿ ತಿಂದರು. ಶಾಲೆಯ ಗೋಡೆ ಮಣ್ಣಿನದು, ಮೇಲೆ ತಗಡು. ಮಳೆ ಬಂದರೆ ಮಾಸ್ತರರ ದನಿ ಎರಡನೇ ಬೆಂಚಿಗೂ ಕೇಳಿಸುತ್ತಿರಲಿಲ್ಲ. ವಿದ್ಯಾರ್ಥಿಗಳಲ್ಲಿ ಮೀಸೆ ಬಂದವರೂ ಇದ್ದರು. ಹಳ್ಳಿಗಳಿಂದ ಬರಿಗಾಲಲ್ಲಿ ನಡೆದು ಬಂದು ಮಾಸ್ತರರ ಒಂದೊಂದು ಮಾತನ್ನೂ ಬಾಯಿಪಾಠ ಮಾಡುತ್ತಿದ್ದರು.

ಅವರಲ್ಲಿ ತೆಸ್ಫಾಯೆ ಎಂಬವನು ಎಲ್ಲರಿಗಿಂತ ಚುರುಕು. ರೈತನ ಮಗ. ದಪ್ಪ ಬಿಳಿ ಹೊದಿಕೆಯೊಂದನ್ನು ಸದಾ ಹೆಗಲ ಮೇಲೆ ಹೊದ್ದುಕೊಂಡಿರುತ್ತಿದ್ದ. ಒಂದು ದಿನ ಕರ್ಮಣಿ ಪ್ರಯೋಗದ ಪಾಠ ನಡೆದಾಗ ಎದ್ದು ನಿಂತು, "ನಮ್ಮ ಹೊಲ ಕಿತ್ತುಕೊಳ್ಳಲ್ಪಟ್ಟಿತು," ಎಂದು ಇಂಗ್ಲಿಷಿನಲ್ಲಿ ಹೇಳಿದ. ವಾಕ್ಯ ಸರಿಯಾಗಿತ್ತು.

"ಅದನ್ನೇ ಕರ್ತರಿಗೆ ತಿರುಗಿಸು. ಕಿತ್ತುಕೊಂಡವರು ಯಾರು?" ಎಂದು ಮಾಸ್ತರರು ಕೇಳಿದರು.

ತೆಸ್ಫಾಯೆ ಕೂತುಬಿಟ್ಟ. ಇಡೀ ತರಗತಿ ತಲೆ ತಗ್ಗಿಸಿತು. ತಾವು ಕೇಳಿದ್ದು ಎಂಥ ಪ್ರಶ್ನೆ ಎಂಬುದು ಮಾಸ್ತರರಿಗೆ ತಿಳಿಯಲಿಲ್ಲ.

ವರ್ಷದ ಕೊನೆಗೆ ಬಹುಮಾನ ಹಂಚುವ ಸಮಾರಂಭ. ಆ ಸೀಮೆಯ ದೊಡ್ಡ ಅಧಿಕಾರಿ ಬಂದು ಕೂತಿದ್ದ. 'ನನ್ನ ಹಳ್ಳಿ' ಎಂಬ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಭಾಷಣ ಮಾಡಲು ಮಾಸ್ತರರೇ ತೆಸ್ಫಾಯೆಯನ್ನು ತಯಾರು ಮಾಡಿದ್ದರು. ಹೊಳೆ, ದನ, ಸುಗ್ಗಿ ಎಲ್ಲ ಕಲಿಸಿದಂತೆಯೇ ಬಂತು. ಆಮೇಲೆ ಕಲಿಸದೇ ಇದ್ದುದು ಬಂತು.

"ನನ್ನ ತಂದೆಯ ಹೊಲವನ್ನು ಈ ಅಧಿಕಾರಿ ಕಿತ್ತುಕೊಂಡರು. ನಮ್ಮ ನೆರೆಯವರ ಹೊಲವನ್ನೂ ಕಿತ್ತುಕೊಂಡರು. ಕೇಳಲು ಹೋದವರನ್ನು ಹೊಡೆಸಿದರು."

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. ಇಂಗ್ಲಿಷ್ ಬಾರದ ಅಧಿಕಾರಿ ನಗುತ್ತ ಚಪ್ಪಾಳೆ ತಟ್ಟಿದ, ಹಿಂದೆ ನಿಂತ ಊರವರೂ ತಟ್ಟಿದರು. ತಟ್ಟುತ್ತಲೇ ಅವನು ಮಾಸ್ತರರತ್ತ ತಿರುಗಿ ತನ್ನ ಭಾಷೆಯಲ್ಲಿ, "ಹುಡುಗ ಏನು ಹೇಳಿದ?" ಎಂದು ಕೇಳಿದ.

ಮಾಸ್ತರರಿಗೆ ಆ ಭಾಷೆ ಸಂತೆಯ ಮಟ್ಟಿಗೆ ಬರುತ್ತಿತ್ತು. "ಊರು ಚೆನ್ನಾಗಿದೆ. ಬೆಳೆ ಚೆನ್ನಾಗಿದೆ," ಎಂದರು.

ಅಧಿಕಾರಿಯ ಹಿಂದೆ ನಿಂತಿದ್ದ ಗುಮಾಸ್ತ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಅಧಿಕಾರಿಯ ಕೈ ನಿಂತಿತು. ಅವನು ತೆಸ್ಫಾಯೆಯನ್ನು ನೋಡಲಿಲ್ಲ. ಬಹಳ ಹೊತ್ತು ಮಾಸ್ತರರನ್ನೇ ನೋಡಿದ.

ಮರುದಿನ ತರಗತಿಯಿಂದಲೇ ತೆಸ್ಫಾಯೆಯನ್ನು ಎಳೆದೊಯ್ದರು. ಮಾಸ್ತರರು ಬಾಗಿಲಿಗೆ ಅಡ್ಡ ನಿಂತಾಗ ಪೊಲೀಸನೊಬ್ಬ ಅವರನ್ನು ಮೆಲ್ಲಗೆ, ಮಗುವನ್ನು ಸರಿಸಿದಂತೆ, ಪಕ್ಕಕ್ಕೆ ಸರಿಸಿದ.

ಕೆಲವು ದಿನಗಳ ಮೇಲೆ ತೆಸ್ಫಾಯೆಯ ತಂದೆ ಮಾಸ್ತರರ ಮನೆ ಬಾಗಿಲಿಗೆ ಬಂದು, ಮಗನನ್ನು ಕೇಳಲು ಜೊತೆಗೆ ಠಾಣೆಗೆ ಬನ್ನಿ ಎಂದ. ಒಳಗೆ ಕರೆದರೂ ಬರಲಿಲ್ಲ. ಪರದೇಶದವನು ಜೊತೆಗಿದ್ದರೆ ಠಾಣೆಯವರು ಮಾತಾಡಿಯಾರು ಎಂಬುದು ಅವನ ಆಸೆ. ಮಾಸ್ತರರು ಒಳಗೆ ಬಂದು ಮಂಚದ ಮೇಲೆ ಕೂತರು.

"ಹೋದ್ರ ನಮ್ಮನ್ನ ಇಲ್ಲಿ ಇರಗೊಡೂದಿಲ್ಲ, ಅಬಿದಾ."

"ಹೋಗದಿದ್ರ?"

"ಇರಬಹುದು."

ಅಬಿದಾ ಒಲೆಯ ಮುಂದಿನಿಂದ ಏಳಲಿಲ್ಲ. "ಆ ಮನಿಷ್ಯಾ ಹೊರಗ ಥಂಡ್ಯಾಗ ನಿಂತಾನ್ರಿ," ಎಂದಳು. "ಅವಂಗ ಏನರ ಒಂದು ಹೇಳ್ರಿ. ಬರ್ತೇನಿ ಅನ್ರಿ, ಇಲ್ಲಾ ಬರೂದಿಲ್ಲ ಅನ್ರಿ."

ಮಾಸ್ತರರು ಕೋಟು ಹಾಕಿಕೊಂಡರು.

ಠಾಣೆಯಲ್ಲಿ ಮೊದಲ ಸಲ, ನಾಳೆ ಬನ್ನಿ ಎಂದರು. ಮರುದಿನ ಹೋದಾಗ, ಬೇರೆ ಊರಿಗೆ ಕಳಿಸಿದ್ದೇವೆ ಎಂದರು. ಮತ್ತೊಮ್ಮೆ ಹೋದಾಗ ಒಬ್ಬ ಪೊಲೀಸ ಒಳಗಿನಿಂದ ಮಡಿಚಿದ ಬಿಳಿ ಹೊದಿಕೆಯೊಂದನ್ನು ತಂದು ತಂದೆಯ ಕೈಗೆ ಕೊಟ್ಟ. ಜ್ವರ ಬಂದಿತ್ತು, ಮಣ್ಣು ಮಾಡಿದ್ದೇವೆ ಎಂದ. ಎಲ್ಲಿ ಎಂದು ಕೇಳಿದ್ದಕ್ಕೆ ಬಾಗಿಲು ಹಾಕಿಕೊಂಡ. ಹೊದಿಕೆಯ ಒಂದು ಅಂಚು ಒಣಗಿ ಕಪ್ಪಾಗಿ ಬಿರುಸಾಗಿತ್ತು. ತಂದೆ ಅದನ್ನು ಬಿಚ್ಚಿ ನೋಡಲಿಲ್ಲ.

ದಾರಿಯಲ್ಲಿ ಒಂದು ಕಲ್ಲಿನ ಮೇಲೆ ಕೂತು ಅವನು ಕೇಳಿದ: "ಅವತ್ತು ನನ್ನ ಮಗ ಏನು ಹೇಳಿದ? ನಾನು ಅಲ್ಲೇ ಹಿಂದೆ ನಿಂತಿದ್ದೆ. ಎಲ್ಲರೂ ಚಪ್ಪಾಳೆ ಹೊಡೆದರು. ನನಗೆ ಇಂಗ್ಲಿಷ್ ತಿಳಿಯುವುದಿಲ್ಲ."

ಮಾಸ್ತರರು ತಮ್ಮ ಹರಕು ಮುರುಕು ಭಾಷೆಯಲ್ಲಿ ಒಂದೊಂದೇ ವಾಕ್ಯವನ್ನು ಹೇಳಿದರು. ಹೊಳೆಯ ಮಾತು, ದನದ ಮಾತು, ಸುಗ್ಗಿಯ ಮಾತು. ಕೊನೆಯ ವಾಕ್ಯಗಳನ್ನೂ ಹೇಳಿದರು. ತಂದೆ ಪ್ರತಿಯೊಂದಕ್ಕೂ ತಲೆಯಾಡಿಸಿದ. "ಅದು ಹೌದು," ಎಂದ. ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಹಳ್ಳಿಯ ಕಡೆಗೆ ಇಳಿದು ಹೋದ.

ಅದೇ ತಿಂಗಳು ಮಾಸ್ತರರ ನೌಕರಿ ಹೋಯಿತು. ಸಿಂದಗಿಗೆ ಬಂದರೆ ಅವರ ಜಾಗದಲ್ಲಿ ಬೇರೊಬ್ಬರಿದ್ದರು. ಕರಾರು ಮುಗಿಯುವ ಮೊದಲೇ ಬಂದದ್ದಕ್ಕೆ ಊರಲ್ಲಿ ಬಾಯಿಗೊಂದು ಮಾತು. ಕುಡಿದನಂತೆ ಎಂದರು ಕೆಲವರು. ಯಾವಳೋ ಕರಿ ಹೆಂಗಸಿನ ಹಿಂದೆ ಬಿದ್ದನಂತೆ ಎಂದರು ಇನ್ನು ಕೆಲವರು. ರಸೂಲಸಾಬ ತಮ್ಮನನ್ನು ಅಡತಿ ಅಂಗಡಿಯಲ್ಲಿ ತೊಗರಿ ಚೀಲಗಳ ಮರೆಗೆ ಕೂರಿಸಿಕೊಂಡು ಕೇಳಿದ. ಮಾಸ್ತರರು ನಡೆದುದನ್ನೆಲ್ಲ ಹೇಳಿದರು.

ಅಣ್ಣ ಬಾಗಿಲ ಕಡೆ ನೋಡಿ, "ಇದನ್ನ ಯಾರ ಮುಂದೂ ಹೇಳಬ್ಯಾಡ," ಎಂದ. "ಪೊಲೀಸರ ಸಂಗಾಟ ಲಫಡಾ ಅಂದ್ರ ಇಲ್ಲೂ ಯಾರೂ ನೌಕರಿ ಕೊಡೂದಿಲ್ಲ. ಹವಾ ಹಿಡಿಸಲಿಲ್ಲ ಅನ್ನು."

ಮಾಸ್ತರರು ಹಾಗೆಯೇ ಅಂದರು. ಹೂವಿನ ಹಿಪ್ಪರಗಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಅದನ್ನೇ ಅಂದರು. ಮೊದಲು ತರಗತಿಯಲ್ಲಿ ನಗಿಸುತ್ತಿದ್ದವರು ಈಗ ಪುಸ್ತಕದಲ್ಲಿ ಇದ್ದಷ್ಟನ್ನು ಓದಿ ಹೊರಗೆ ಬರುತ್ತಿದ್ದರು. ಮನೆಯಲ್ಲೂ ಮಾತು ಕಡಿಮೆಯಾಯಿತು. ನಿದ್ದೆಯಲ್ಲಿ ಒಮ್ಮೊಮ್ಮೆ ಅಬಿದಾಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದರು.

ನಾಲ್ಕೈದು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಮುದ್ದೇಬಿಹಾಳದಿಂದ ಅಣ್ಣನ ಬೀಗರು ಬಂದಿದ್ದರು. ಚಹಾ ಕುಡಿಯುತ್ತ ಅವರಲ್ಲೊಬ್ಬರು, "ಅಂಥಾ ನೌಕರಿ ಯಾಕ ಬಿಟ್ಟು ಬಂದ್ರಿ ಮಾಸ್ತರ?" ಎಂದು ಕೇಳಿದರು.

"ಹವಾ ಹಿಡಿಸಲಿಲ್ರಿ."

ಬಾಗಿಲ ಮರೆಯಲ್ಲಿದ್ದ ಅಬಿದಾ ಹೊರಗೆ ಬಂದಳು. "ಹವಾ ಚಲೋನ ಇತ್ರಿ," ಎಂದಳು. "ಅಲ್ಲಿ ಇವರ ಕಡೆ ಕಲಿಯೂ ಹುಡುಗನ್ನ ಕೊಂದ್ರು."

ಬೀಗರು ಚಹಾದ ಬಸಿ ಕೆಳಗಿಟ್ಟರು. "ಯಾವ ಹುಡುಗ?"

ಮಾಸ್ತರರು ಹೆಂಡತಿಯತ್ತ ನೋಡಲಿಲ್ಲ. "ತೆಸ್ಫಾಯೆ ಅಂತ ಅವನ ಹೆಸರು," ಎಂದರು. ಉಳಿದುದನ್ನು ಅಬಿದಾಳೇ ನಿಂತುಕೊಂಡು ಹೇಳಿದಳು.