ಒರತೆಯವರೆಗಿನ ದೂರ

1932ರ ಜುಲೈ 9, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಚಿಕ್ಕಮ್ಮ ತೂದಾ ಬಿಳಿ ಬಟ್ಟೆ ಕಟ್ಟಿದ ಕೋಲು ಹಿಡಿದು ಮೊರೊಕ್ಕೊದ ಬೆಟ್ಟಗಳಲ್ಲಿದ್ದ ನಮ್ಮ ಫ್ರೆಂಚ್ ಸೈನ್ಯದ ಠಾಣೆಗೆ ಬಂದಳು. ಹಿಂದೆ ನಾಲ್ವರು ಹೆಂಗಸರು, ಒಂದು ಕಪ್ಪು ಹೋರಿ. ಫ್ರೆಂಚ್ ಕ್ಯಾಪ್ಟನ್ ಮೊರ್ವಾನನ ಡೇರೆಯನ್ನು ದಾಟಿ ಅವರು ನನ್ನ ಡೇರೆಯ ಮುಂದೆಯೇ ನಿಂತರು. ಹೋರಿಯ ಹಿಂಗಾಲುಗಳ ನರ ಕತ್ತರಿಸಿದರು. ಅದು ಬೇಡುವವರಂತೆ ನನ್ನೆದುರು ಕುಸಿಯಿತು. ಆಮೇಲೆ ಕತ್ತು ಕೊಯ್ದರು.

ನಮ್ಮ ಬೆಟ್ಟದಲ್ಲಿ ಇದಕ್ಕಿಂತ ದೊಡ್ಡ ಬೇಡಿಕೆಯಿಲ್ಲ. ಯಾರ ಮುಂದೆ ಹೋರಿ ಬೀಳುತ್ತದೋ ಅವನು, ಬೇಡಿ ಬಂದವರು ಕೇಳಿದ್ದನ್ನು ನಡೆಸಿಕೊಡಬೇಕು; ಇಲ್ಲವಾದರೆ ಆ ರಕ್ತ ಅವನ ಮೇಲೆ.

"ಗಂಡಸರು ಬೆಟ್ಟದ ಮೇಲೆ ಕೋವಿ ಹಿಡ್ಕೊಂಡು ಕೂತವ್ರೆ, ಅವರ ಪಾಡು ಅವರಿಗೆ" ಅಂದಳು ಚಿಕ್ಕಮ್ಮ. "ಒರತೆ ಹತ್ರ ನಾವಿದೀವಿ, ಮಕ್ಕಳಿದಾವೆ. ಅಲ್ಲಿಗೆ ಮಾತ್ರ ಗುಂಡು ಹೊಡೀಬ್ಯಾಡ ಕಣೋ, ಬಸ್ಸೂ."

ತಾಯಿ ಸತ್ತ ಮೇಲೆ ಮೇಕೆಯ ಹಾಲು ಕುಡಿಸಿ ನನ್ನನ್ನು ಉಳಿಸಿಕೊಂಡವಳು ಅವಳು. ನಾನು ಬಾಯಿ ತೆರೆಯುವುದರೊಳಗೆ ತಿರುಗಿ ನಡೆದಳು.

ಕ್ಯಾಪ್ಟನ್‌ಗೆ ಎಲ್ಲವನ್ನೂ ವಿವರಿಸಿದೆ. ಅವನು ಕೆಟ್ಟವನಲ್ಲ, ತಾಳ್ಮೆಯಿಂದ ಕೇಳಿದ. ಆದರೆ ಆಜ್ಞೆ ಮೇಲಿನಿಂದ ಬಂದಿತ್ತು: ದಂಗೆಕೋರರು ನೀರಿಗೆ ಒರತೆಗೇ ಇಳಿಯುತ್ತಾರೆ, ಮರುದಿನ ಬೆಳಿಗ್ಗೆ ಆರಕ್ಕೆ ಅಲ್ಲಿಗೆ ಫಿರಂಗಿಗಳಿಂದ ಹನ್ನೆರಡು ಗುಂಡು.

"ಲೆಫ್ಟಿನೆಂಟ್, ನಿಮ್ಮಿಂದ ನನಗೆ ಬೇಕಾಗಿರೋದು ಒಂದು ಅಂಕಿ ಅಷ್ಟೇ" ಎಂದ.

ಫಿರಂಗಿಗಳಿಗೆ ಗುರಿಯ ದೂರ ಅಳೆದು ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷಗಳಲ್ಲಿ ನಾನು ಕೊಟ್ಟ ಅಂಕಿಯನ್ನು ಯಾರೂ ಎರಡನೇ ಸಲ ಅಳೆದಿರಲಿಲ್ಲ. ಮೊರೊಕ್ಕೊದವನಾದ ನನಗೆ ಇದಕ್ಕಿಂತ ಮೇಲಿನ ಹುದ್ದೆ ಸಿಗುವಂತಿರಲಿಲ್ಲ. ನನ್ನದು ಅಂತ ಇದ್ದದ್ದು ಆ ನಂಬಿಕೆಯೊಂದೇ.

ಸಂಜೆ ಅಧಿಕಾರಿಗಳ ಮೇಜಿಗೆ ಆ ಹೋರಿಯ ಮಾಂಸವೇ ಬಂತು. ಯಾರ ಮುಂದೆ ಬಿದ್ದಿತೋ ಅವನು ಅದನ್ನು ತಿನ್ನಬಾರದು. ನಾನು ಬ್ರೆಡ್ಡು ಮುರಿಯುತ್ತ ಕೂತೆ. ರಂಜಾನ್ ಈ ವರ್ಷ ಎರಡು ಸಲವೋ ಎಂದು ಕುದುರೆ ಡಾಕ್ಟರು ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎದ್ದು ನಮ್ಮ ಬೆಟ್ಟದ ಸಿಪಾಯಿಗಳ ಡೇರೆಗಳತ್ತ ಹೋದೆ. ಹಾಡು ನಿಂತಿತು. ಟೀ ಲೋಟಗಳನ್ನು ಕೆಳಗಿಟ್ಟು ಎಲ್ಲರೂ ಎದ್ದು ಸೆಲ್ಯೂಟ್ ಹೊಡೆದರು. ನಾನು ಅಲ್ಲಿಂದ ಹೊರಡುವ ತನಕ ಹಾಗೆಯೇ ನಿಂತಿದ್ದರು.

ಬೆಳಿಗ್ಗೆ ಕ್ಯಾಪ್ಟನ್ ಫಿರಂಗಿಗಳ ಜೊತೆ ಕೆಳಗಿನ ತಗ್ಗಿನಲ್ಲಿದ್ದ. ಒರತೆ ಕಾಣುವ ಬಂಡೆಯ ಮೇಲೆ ನಾನೊಬ್ಬನೇ, ದೂರಮಾಪಕ ಮತ್ತು ಟೆಲಿಫೋನಿನೊಂದಿಗೆ. ಮೂರು ಸಲ ಅಳೆದು, ಸರಾಸರಿ ತೆಗೆದು, ಫಿರಂಗಿಗಳ ಸ್ಥಾನಕ್ಕೆ ಸರಿಹೊಂದಿಸಿದೆ: 4,140 ಮೀಟರ್. ಒರತೆಯ ಹಿಂದೆ ಒಂದು ದಿಬ್ಬ. ಅದರಾಚೆ ಒಣ ಕೊರಕಲು. ಚಿಕ್ಕಂದಿನಲ್ಲಿ ಅಲ್ಲಿಗೆ ಮೇಕೆ ಹೊಡೆದುಕೊಂಡು ಹೋಗಿದ್ದೆ. ಮೇಕೆ ಕಚ್ಚುವಂಥ ಮುಳ್ಳೂ ಅಲ್ಲಿ ಬೆಳೆಯುವುದಿಲ್ಲ.

"ನಾಲ್ಕು ಸಾವಿರದ ಆರುನೂರ ನಲವತ್ತು" ಎಂದೆ.

ಕ್ಯಾಪ್ಟನ್ ಅಂಕಿಯನ್ನು ಪುನಃ ಹೇಳಿ ಖಚಿತಪಡಿಸಿಕೊಂಡ. ಹನ್ನೆರಡೂ ಗುಂಡುಗಳು ದಿಬ್ಬ ದಾಟಿ ಕೊರಕಲಿಗೆ ಬಿದ್ದವು.

"ಸರಿಯಾಗಿ ಬಿತ್ತಾ?"

"ಬಿತ್ತು."

ಮೂರು ದಿನ ಕಳೆದು ಗಂಡಸರು ಕೋವಿ ಒಪ್ಪಿಸಲು ಇಳಿದು ಬಂದರು. ಅವರಲ್ಲಿ ಮದ್ದುಗುಂಡು ಮುಗಿದಿತ್ತು. ಕ್ಯಾಪ್ಟನ್ ಅದನ್ನು ಫಿರಂಗಿಯ ಫಲವೆಂದು ಬರೆದು, ನನಗೊಂದು ಪದಕಕ್ಕೆ ಶಿಫಾರಸು ಮಾಡಿದ. ಹೆಂಗಸರೂ ಬಂದಿದ್ದರು. ಕ್ಯಾಪ್ಟನ್‌ನ ಪಕ್ಕದಲ್ಲಿ ನಿಂತಿದ್ದ ನನ್ನ ಮುಂದೆ ಚಿಕ್ಕಮ್ಮ ನಿಂತಳು.

"ಹೋರಿಗೆ ನಮ್ಮ ಮಾತು ಕೇಳಿಸ್ತು ಕಣೋ ಬಸ್ಸೂ. ಅದರ ರಕ್ತ ಗುಂಡನ್ನೇ ಆಚೆ ತಿರುಗಿಸ್ತು. ನಿಂಗೆ ಮಾತ್ರ ಕೇಳಿಸ್ಲಿಲ್ಲ."

ಹಿಂದಿದ್ದ ಹೆಂಗಸರು ನಕ್ಕರು. ಸುತ್ತಲೂ ನಮ್ಮ ಭಾಷೆ ಬಲ್ಲ ಸಿಪಾಯಿಗಳಿದ್ದರು. ನಿಜ ಹೇಳಿದ್ದರೆ ಅದು ಸಂಜೆಯೊಳಗೆ ಕ್ಯಾಪ್ಟನ್‌ಗೆ ತಲುಪುತ್ತಿತ್ತು. ಅವಳು ಏನಂದಳು ಎಂದು ಕ್ಯಾಪ್ಟನ್ ಕೇಳಿದ.

"ಬಾಯಾರಿಕೆಯಂತೆ" ಎಂದೆ.

ಅಕ್ಟೋಬರ್‌ನಲ್ಲಿ ರಜೆ ಹಾಕಿ ಊರಿಗೆ ಹತ್ತಿದೆ. ಚಿಕ್ಕಮ್ಮನ ಮನೆಯ ಚಾವಣಿಯಿಂದ ಹೊಗೆ ಬರುತ್ತಿತ್ತು, ಬಾಗಿಲು ಮುಚ್ಚಿತ್ತು. ಎರಡು ಸಲ ಕರೆದೆ. ತಂದಿದ್ದ ಸಕ್ಕರೆ ಅಚ್ಚನ್ನು ಹೊಸ್ತಿಲ ಮೇಲಿಟ್ಟು ಒರತೆಗೆ ಹೋದೆ. ಭೂಮಾಪನದವರಿಂದ ಎರವಲು ತಂದ ಉಪಕರಣ ನಿಲ್ಲಿಸಿ ಎರಡು ಗಂಟೆ ಕೋನಗಳನ್ನು ಓದಿದೆ. ಮರಳುವಾಗ ಸಕ್ಕರೆ ಹೊಸ್ತಿಲ ಮೇಲೆಯೇ ಇತ್ತು, ಇರುವೆ ಹತ್ತಿತ್ತು.

ಠಾಣೆಗೆ ಬಂದು ಲೆಕ್ಕ ಮಾಡಿದೆ. ಒರತೆಯ ಕಲ್ಲಿನಿಂದ ಮೊದಲ ಫಿರಂಗಿ ನಿಂತಿದ್ದ ಜಾಗಕ್ಕೆ 4,131 ಮೀಟರ್. ಆ ಬೆಳಿಗ್ಗೆ ಅಳೆದು ಯಾರಿಗೂ ಹೇಳದ ಅಂಕಿಗಿಂತ ಒಂಬತ್ತು ಕಡಿಮೆ.